ಎದುರು ಕುರ್ಚಿಯೂ ನನ್ನದೇ

ಭಾನುವಾರ, ಮಾರ್ಚ್ ೯

ನನ್ನ ಪ್ರೀತಿಯ ಬಾಯಿಬಡುಕಿ,

ಹೇಗಿದ್ದೀಯೇ? ಮಗಳು, ಅಳಿಯ, ಪುಟ್ಟ ಎಲ್ಲ ಕ್ಷೇಮ ತಾನೆ? ನಿನ್ನ ಕಾಗದ ಬಂದು ಎಷ್ಟೋ ಕಾಲ ಆಯ್ತು. ಬರೆಯೋಕೆ ಪುರಸೊತ್ತೇ ಸಿಗಲಿಲ್ಲ ಅಂತ ಸುಳ್ಳು ಹೇಳಲ್ಲ. ಮನಸ್ಸಿರಲಿಲ್ಲ, ಬರೆಯಲಿಲ್ಲ. ತಪ್ಪಾಯ್ತು, ಬೈಕೋ. ಈಗ ಒಂದು ಸುದ್ದಿ ಇದೆ, ನಿನಗೆ ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬರಿಸುತ್ತೆ.

ಕೈಗವಸು ಕಾರ್ಖಾನೆ ಹಾಗೇ ಇದೆ. ನೀನು ಕೆಲಸ ಬಿಟ್ಟು ಮಗಳ ಮನೆಗೆ ಹೋದಮೇಲೆ, ನೀನು ಹೆಬ್ಬೆರಳು ಕೂರಿಸ್ತಿದ್ದ ಮಿಶನ್ನಿಗೆ ಹೊಸ ಹುಡುಗಿ ಬಂದಿದ್ದಾಳೆ. ಒಳ್ಳೆಯವಳು ಪಾಪ, ಹೆಬ್ಬೆರಳು ಮಾತ್ರ ಸೊಟ್ಟ.

ನಮ್ಮ ಮಾಲೆಲ್ಲ ಜಪಾನಿಗೆ ಹೋಗೋದು, ಹೊಸ ಕೆಲಸ ಕಲಿಯೋಕೆ ಒಬ್ಬರನ್ನ ಅಲ್ಲಿಗೆ ಕಳಿಸ್ತಾರೆ, ಭಾಷೆ ಬರೋರಿಗೇ ಅವಕಾಶ ಅಂತ ಮ್ಯಾನೇಜರು ಹೇಳಿದ ದಿನ ನೆನಪಿದೆಯಾ? ಅವತ್ತೇ ಇಬ್ಬರೂ ಶುರು ಹಚ್ಕೊಂಡ್ವಿ. ಕ್ಲಾಸಿನ ಫೀಸು ಕೇಳಿ ಮೆಟ್ಟಿಲಿಂದಲೇ ವಾಪಸ್ ಬಂದ್ವಿ. ಲೈಬ್ರರಿಯ ಹಳೇ ಪುಸ್ತಕ, ಫೋನಿನಲ್ಲಿ ಬಿಟ್ಟಿ ಪಾಠ, ನಮ್ಮ ಅಡುಗೆಮನೆಯ ಎರಡು ಕುರ್ಚಿ. ನೀನು ಅಂಗಡಿಯವಳು, ನಾನು ಗಿರಾಕಿ. ಆಮೇಲೆ ನೀನು ಬರೋದು ಬಿಟ್ಟೆ. "ನಾಲಿಗೆ ಹೊರಳಲ್ಲ ಕಣೇ" ಅಂದೆ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ!

ನಾನು ಬಿಡಲಿಲ್ಲ. ಇಲ್ಲಿ ಕೂತು ಜಪಾನಿಯಲ್ಲಿ "ಚೆನ್ನಾಗಿದ್ದೀರಾ?" ಅಂತ ಕೇಳೋದು, ಎದ್ದು ಎದುರು ಕುರ್ಚಿಗೆ ಹೋಗಿ "ಹೂಂ, ಚೆನ್ನಾಗಿದ್ದೀನಿ" ಅನ್ನೋದು. ನಮ್ಮನೆಯವರು ಬಾಗಿಲಲ್ಲಿ ನಿಂತು ನೋಡಿ, "ಗಂಟಲು ಒಣಗಿರುತ್ತೆ, ಇಬ್ಬರಿಗೂ ಟೀ ಮಾಡ್ಲಾ?" ಅಂದ್ರು. "ಮಾಡಿ, ಇಬ್ಬರೂ ಕುಡಿತೀವಿ" ಅಂದೆ. ಮೇಸ್ತ್ರಿ ಕಿವಿಗೂ ಈ ಕುರ್ಚಿ ಕಥೆ ಬಿತ್ತು. "ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಮಗೆ ಐವತ್ತಕ್ಕೇ ಬಂತಲ್ಲಕ್ಕಾ" ಅಂದ. "ಎಲ್ಲದರಲ್ಲೂ ನಾನು ಮುಂದು ಕಣಪ್ಪ" ಅಂದೆ. ನಗೋರು ನಗಲಿ, ಅವರ ಬಾಯಿ, ಅವರ ಹಲ್ಲು.

ಕಳೆದ ವಾರ ಜಪಾನಿನ ಯಜಮಾನರೇ ಆರಿಸೋಕೆ ಬಂದ್ರು. ತಲೆ ಬೆಳ್ಳಗಾದ, ಮೆತ್ತಗಿನ ಮನುಷ್ಯ. ಮ್ಯಾನೇಜರು ಬರೀ ಚಿಕ್ಕ ವಯಸ್ಸಿನವರನ್ನ ಸಾಲಾಗಿ ನಿಲ್ಲಿಸಿದ್ರು. ನಾನು ಕರೆಯದೇನೇ ಹೋಗಿ ಮುಂದೆ ನಿಂತೆ. "ಒಗೆಂಕಿ ದೆಸು ಕಾ?" ಅಂತ ಕ್ಷೇಮ ವಿಚಾರಿಸಿದೆ. ಅವರು ಬಾಯಿ ತೆರೆಯೋಷ್ಟರಲ್ಲಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಅವರ ಪರವಾಗಿ ನಾನೇ "ಹಾಯ್, ಗೆಂಕಿ ದೆಸು", ಹೂಂ ಚೆನ್ನಾಗಿದ್ದೀನಿ, ಅಂತ ಉತ್ತರ ಕೊಟ್ಟುಬಿಟ್ಟೆ! ಅಭ್ಯಾಸಬಲ ಕಣೇ. ಹಾಲ್‌ನಲ್ಲಿದ್ದೋರೆಲ್ಲ ಗೊಳ್ಳೆಂದು ನಕ್ಕರು. ಮೇಸ್ತ್ರಿಯಂತೂ ಹೊಟ್ಟೆ ಹಿಡ್ಕೊಂಡ. ಮ್ಯಾನೇಜರು, "ಸಾಕಮ್ಮ, ಹೋಗಿ ಕೆಲಸ ನೋಡಿ" ಅಂದ್ರು.

ನಾನು ಜಗ್ಗಲಿಲ್ಲ. "ಇಷ್ಟು ದಿನ ಎದುರಿಗೆ ಯಾರೂ ಇರಲಿಲ್ಲ ಸಾರ್, ಅದಕ್ಕೇ ಎರಡೂ ಕಡೆ ನಾನೇ ಮಾತಾಡ್ತಿದ್ದೆ. ಇವತ್ತು ಮನುಷ್ಯರು ಸಿಕ್ಕಿದ್ದಾರೆ. ಇವರು ಒಂದು ಮಾತು ಕೇಳಲಿ, ಉತ್ತರ ಬರದಿದ್ದರೆ ಆಗ ಕಳಿಸಿ" ಅಂದೆ. ಜೊತೆಗಿದ್ದ ದುಭಾಷಿ ಅದನ್ನ ಯಜಮಾನರಿಗೆ ಹೇಳಿದ. ಅವರು ನಗಲಿಲ್ಲ. ನಿಧಾನಕ್ಕೆ, ಬಿಡಿಬಿಡಿಯಾಗಿ, "ಯಾರ ಜೊತೆ ಕಲಿತಿರಿ?" ಅಂತ ಅವರ ಭಾಷೆಯಲ್ಲೇ ಕೇಳಿದ್ರು. ನನ್ನ ಎರಡು ಕುರ್ಚಿಗಳಲ್ಲಿ ಒಂದೂ ಈ ಪ್ರಶ್ನೆ ಯಾವತ್ತೂ ಕೇಳಿರಲಿಲ್ಲ. ಪ್ರಶ್ನೇನ ಮನಸ್ಸಲ್ಲೇ ಇನ್ನೊಂದ್ಸಲ ಹೇಳ್ಕೊಂಡೆ. ಆಮೇಲೆ "ಹಿತೊರಿ ದೆ" ಅಂದೆ. ಒಬ್ಬಳೇ ಅಂತ. ಅವರು ತಲೆ ಬಾಗಿಸಿದ್ರು. ಮತ್ತೆ ಅವರು ಕೇಳ್ತಾ ಹೋದ್ರು, ನಾನು ತಡವರಿಸ್ತಾ ಹೇಳ್ತಾ ಹೋದೆ. ತಿಳಿಯದ ಕಡೆ "ಇನ್ನೊಂದ್ಸಲ ಹೇಳಿ" ಅಂತ ಧೈರ್ಯವಾಗಿ ಅಂದೆ.

ನಿನ್ನೆ ಆಯ್ಕೆ ತಿಳಿಸಿದ್ರು. ನಾನೇ ಕಣೇ! ಮುಂದಿನ ತಿಂಗಳು ಹೊರಡೋದು. ಮೇಸ್ತ್ರಿ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ನಮ್ಮನೆಯವರು, "ಇನ್ನು ನಾನು ಯಾರ ಹತ್ರ ಮಾತಾಡ್ಲಿ?" ಅಂದ್ರು. "ಕುರ್ಚಿ ಎರಡಿವೆ, ಕಲ್ತ್ಕೊಳ್ಳಿ" ಅಂದೆ.

ಮಗಳಿಗೆ, ಅಳಿಯನಿಗೆ ನನ್ನ ಆಶೀರ್ವಾದ. ಪುಟ್ಟಂಗೆ ಮುತ್ತು. ಮಂಡಿಗೆ ಎಣ್ಣೆ ತಿಕ್ಕೋದು ಬಿಡಬೇಡ. ನೂರು ಕಾಲ ಚೆನ್ನಾಗಿರು.

ಯಾರಿಗೂ ಬಗ್ಗದ ನಿನ್ನ
ಮೊಂಡಿ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ನೀನು ಕಲಿಯೋದು ಬಿಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ. ಎರಡು ಕುರ್ಚಿಯ ವಿಷಯ ಕಾರ್ಖಾನೆಯಲ್ಲಿ ನಾನು ಹೇಳಿದ್ದು ನಿನ್ನೊಬ್ಬಳಿಗೇ. ಊಟದ ಬಿಡುವಿನಲ್ಲಿ ನೀನು ನನ್ನ ಥರಾನೇ ಕುರ್ಚಿಯಿಂದ ಕುರ್ಚಿಗೆ ಹಾರಿ, ಮೂಗಲ್ಲಿ ಮಾತಾಡಿ ಎಲ್ಲರನ್ನೂ ನಗಿಸಿದೆಯಲ್ಲ, ಅವತ್ತು ನಾನು ಬಾಗಿಲ ಹಿಂದೆಯೇ ಇದ್ದೆ. ಮೇಸ್ತ್ರಿ ನಕ್ಕರೆ ನನಗೇನು? ನಗಿಸಿದವಳು ನೀನು ಕಣೇ. ಯಾರ ಜೊತೆ ಕಲಿತಿರಿ ಅಂತ ಯಜಮಾನರು ಕೇಳಿದಾಗ "ತೊಮೊದಾಚಿ ತೊ", ಗೆಳತಿ ಜೊತೆ, ಅನ್ನೋಕೂ ನನಗೆ ಬರ್ತಿತ್ತು. ನೀನೇ ಹೇಳಿಕೊಟ್ಟ ಮಾತು. ಬಾಯಿ ತನಕ ಬಂತು. ಬೇಕಂತಲೇ ನುಂಗಿಕೊಂಡೆ.