ಎಡಮೊಣಕಾಲಿನ ಕಾಗದ

ಶ್ರೀ ಗುರುಬಸವ

ಹಾರ್ಲನ್ ಮಿಲ್ಸ್, ದಕ್ಷಿಣ ಕ್ಯಾರೊಲಿನಾ
೧೪ ಸೆಪ್ಟೆಂಬರ್ ೧೯೯೪, ಬುಧವಾರ

ದೋಸ್ತ ಕರಬಸಪ್ಪನಿಗೆ ಅಣ್ಣಾಸಾಹೇಬನ ಶರಣು.

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲಿಲ್ಲ, ತಪ್ಪು ನನ್ನದೇ. ಆನ್ಸರಿಂಗ್ ಮಶೀನಿನಲ್ಲಿ ನೀನು ಬಿಟ್ಟ ಮೂರೂ ಮೆಸೇಜು ಕೇಳಿದ್ದೇನೆ. ಮೂರನೆಯದರಲ್ಲಿ "ಏ ಅಣ್ಣಾಸಾಬ, ಸತ್ತಿದ್ರ ಸತ್ತೀನಿ ಅಂತರ ಹೇಳಲೇ" ಎಂದು ಕೂಗಿದ್ದೀಯಲ್ಲ, ಅದನ್ನು ವಸಂತಾ ಎರಡು ಸಲ ಹಾಕಿ ಕೇಳಿ ನಕ್ಕಳು. ವಾಷಿಂಗ್ಟನ್ ಪಕ್ಕದ ಫೇರ್‌ಫ್ಯಾಕ್ಸ್‌ನಲ್ಲಿ ಹದಿನೆಂಟು ವರ್ಷ ಮಕ್ಕಳ ಡಾಕ್ಟರಾಗಿದ್ದರೂ ನಿನ್ನ ಬಾಯಿ ಹುಬ್ಬಳ್ಳಿ ಹಾಸ್ಟೆಲಿನದೇ. ಶ್ರೀದೇವಿಯವರ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ ಎಂದು ಓದಿ ಸಮಾಧಾನವಾಯಿತು. ಇಲ್ಲಿ ನಾವು ಗಂಡಹೆಂಡತಿ ಇಬ್ಬರೂ ಆರೋಗ್ಯ. ನನ್ನ ಸಿಟ್ಟು ಮಾತ್ರ ದಿನದಿನಕ್ಕೆ ಮೈತುಂಬಿಕೊಳ್ಳುತ್ತಿದೆ.

ನೀನು ಕೇಳಿರುವುದು ಒಂದೇ ಪ್ರಶ್ನೆ. "ಸೆಪ್ಟೆಂಬರ್ ಇಪ್ಪತ್ತೈದನೇ ತಾರೀಖು ಭಾನುವಾರ ಅಟ್ಲಾಂಟಾ ತಂಡ ವಾಷಿಂಗ್ಟನ್‌ಗೆ ಆಡಲು ಬರುತ್ತದೆ, ಅದರಲ್ಲಿ ನಿಮ್ಮೂರಿನ ಕಾಲೇಜಿನ ನಿನ್ನ ಹುಡುಗ ಟೆರೆನ್ಸ್ ಇದ್ದಾನೆ, ಟಿಕೆಟ್ ತೆಗೆದಿಟ್ಟಿದ್ದೇನೆ, ಬರುತ್ತೀಯೋ ಇಲ್ಲವೋ?" ಬರುವುದಿಲ್ಲ ಕರಬಸು. ಯಾಕೆಂದು ಕೇಳದೆ ಬಿಡುವವನಲ್ಲ ನೀನು, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಇಲ್ಲಿ ಈ ಆಟಕ್ಕೆ ಫುಟ್‌ಬಾಲ್ ಎನ್ನುತ್ತಾರೆ ಎಂದರೆ ನಮ್ಮ ಅಥಣಿಯ ಕಡೆ ಜನ ನಗುತ್ತಾರೆ. ಕಾಲಿನಿಂದ ಒದೆಯುವುದು ಅಪರೂಪ, ಕೈಯಲ್ಲಿ ಹಿಡಿದು ಓಡುವುದೇ ಹೆಚ್ಚು, ಮೈಮೇಲೆ ಬೀಳುವುದು ಎಲ್ಲಕ್ಕಿಂತ ಹೆಚ್ಚು. ನಾನು ಈ ಊರಿಗೆ ಎಲುಬಿನ ಡಾಕ್ಟರಾಗಿ ಬಂದ ಮೊದಲ ವರ್ಷವೇ ಕಾಲೇಜಿನವರು ನನ್ನನ್ನು ಹಿಡಿದರು. ಎಂಟುನೂರು ಹುಡುಗರ ಕಾಲೇಜು, ಅವರಿಗೆ ಸಂಬಳದ ಡಾಕ್ಟರು ಎಲ್ಲಿಂದ ಬರಬೇಕು? ಊರಿನ ಡಾಕ್ಟರೇ ಶನಿವಾರ ಮೈದಾನದ ಗೆರೆಯ ಪಕ್ಕ ನಿಲ್ಲುವುದು ಇಲ್ಲಿಯ ಪದ್ಧತಿ. ಕೊಟ್ಟದ್ದು ಒಂದು ಟೋಪಿ, ಒಂದು ಮಡಚುವ ಕುರ್ಚಿ. ನಾನು ಮಾಂಸ ತಿನ್ನುವುದಿಲ್ಲವೆಂದು ತಿಳಿದ ಮೇಲೆ ಒಂದು ಪೊಟ್ಟಣ ಕಡಲೆಕಾಯಿ. ಹಾಗೆ ಹದಿನಾಲ್ಕು ವರ್ಷ ನಿಂತಿದ್ದೇನೆ.

ಟೆರೆನ್ಸ್ ಬಂದದ್ದು ಎಂಬತ್ತೈದರಲ್ಲಿ. ಅವನ ತಾಯಿ ಇಲ್ಲಿಯ ಟವೆಲ್ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದಳು. ಮೈದಾನದಲ್ಲಿ ಟೆರೆನ್ಸ್‌ನ ಕೆಲಸ ಎದುರಾಳಿಯ ಬೆನ್ನು ಹತ್ತಿ ಅವನ ಕೈಗೆ ಚೆಂಡು ಸಿಗದಂತೆ ನೋಡುವುದು. ಹಿಂದಕ್ಕೆ ಓಡುತ್ತ ಓಡುತ್ತಲೇ ಗಕ್ಕನೆ ಒಂದು ಕಾಲಿನ ಮೇಲೆ ತಿರುಗಿಬಿಡುತ್ತಿದ್ದ. ಖೋಖೋದಲ್ಲಿ ಒಳ್ಳೆಯ ಆಟಗಾರ ಕಂಬದ ಹತ್ತಿರ ತಿರುಗುತ್ತಾನಲ್ಲ, ಹಾಗೆ. ಕುರ್ಚಿಯಲ್ಲಿ ಕೂತವನು ನಾನು ಎದ್ದು ನಿಲ್ಲುತ್ತಿದ್ದೆ.

ಆದರೆ ಅದನ್ನು ನೋಡುವವರು ಯಾರು? ಹಿತ್ತಲ ಗಿಡ ಮದ್ದಲ್ಲ. ದೊಡ್ಡ ವಿಶ್ವವಿದ್ಯಾಲಯಗಳ ಆಟ ಟೀವಿಯಲ್ಲಿ ಬರುತ್ತದೆ. ನಮ್ಮ ಆಟವನ್ನು ಕೆಮಿಸ್ಟ್ರಿ ಲ್ಯಾಬಿನ ಸಹಾಯಕ ಏಣಿ ಹತ್ತಿ ವಿಡಿಯೋ ತೆಗೆಯುತ್ತಿದ್ದ, ಅದರಲ್ಲಿ ಅರ್ಧ ಅವನ ಹೆಬ್ಬೆರಳೇ ಕಾಣುತ್ತಿತ್ತು. ವೃತ್ತಿಪರ ತಂಡಗಳಿಗೆ ಹುಡುಗರನ್ನು ಆರಿಸುವವರು ಬೇರೆಲ್ಲಿಗೋ ಹೋಗುವ ದಾರಿಯಲ್ಲಿ ಎರಡು ವರ್ಷಕ್ಕೊಮ್ಮೆ ಇಲ್ಲಿ ಇಳಿಯುತ್ತಿದ್ದರು, ಕಾರಿನ ಇಂಜಿನ್ ಕೂಡ ಆರಿಸದೆ. ಒದ್ದೆ ಹುಲ್ಲಿನ ಮೇಲೆ ನಲವತ್ತು ಗಜ ಓಡಿಸಿ ಸ್ಟಾಪ್‌ವಾಚ್ ನೋಡುವುದು, ತೂಕ ಬರೆದುಕೊಳ್ಳುವುದು, ಹೋಗುವುದು. ಒಬ್ಬ ಮನುಷ್ಯನ ನಾಲ್ಕು ವರ್ಷದ ಕಷ್ಟಕ್ಕೆ ನಾಲ್ಕೂವರೆ ಸೆಕೆಂಡಿನ ಪರೀಕ್ಷೆ!

ಎಂಬತ್ತೊಂಬತ್ತರ ಏಪ್ರಿಲ್‌ನಲ್ಲಿ ವೃತ್ತಿಪರ ತಂಡಗಳು ಸರದಿಯ ಮೇಲೆ ತಮಗೆ ಬೇಕಾದ ಹುಡುಗರ ಹೆಸರು ಕೂಗಿ, ಮನೆಗೆ ಫೋನ್ ಮಾಡುವ ಎರಡು ದಿನ ನಾನು ಟೆರೆನ್ಸ್‌ನ ತಾಯಿಯ ಮನೆಯಲ್ಲಿದ್ದೆ. ಮುನ್ನೂರಕ್ಕಿಂತ ಹೆಚ್ಚು ಹೆಸರು ಕೂಗಿದರು, ಅವನದು ಬರಲಿಲ್ಲ. ಆ ತಾಯಿ ಯಾರೂ ಫೋನ್ ಮುಟ್ಟದಂತೆ ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಳು. ಎರಡನೆಯ ದಿನ ಸಂಜೆ ಟೆರೆನ್ಸ್ ಎದ್ದು ಟೀವಿ ಆರಿಸಿ, "ಡಾಕ್, ಊಟ ಮಾಡಿ ಹೋಗಿ, ಅಮ್ಮ ನಿಮಗೆಂದೇ ಮಾಂಸ ಹಾಕದೆ ಬೀನ್ಸ್ ಮಾಡಿದ್ದಾಳೆ" ಎಂದ.

ಆಮೇಲಿನ ಐದು ವರ್ಷ ನಿನಗೆ ಅಷ್ಟಿಷ್ಟು ಗೊತ್ತು. ಷಾರ್ಲೆಟ್‌ನ ಉಗ್ರಾಣದಲ್ಲಿ ಟೈರು ಎತ್ತಿದ. ಕೆನಡಾದಲ್ಲಿ ಒಂದು ವರ್ಷ ಆಡಿದ, ತಂಡವೇ ಮುಚ್ಚಿಹೋಯಿತು. ಮಂಜುಗಡ್ಡೆಯ ಮೇಲೆ ಹಾಕಿಯಾಟ ಆಡುವ ಕೊಟ್ಟಿಗೆಯಲ್ಲಿ ಕಾರ್ಪೆಟ್ ಹಾಸಿ ಆಡಿಸುವ ಆಟವನ್ನೂ ಆಡಿದ. ಕೊನೆಗೆ ಹೋದ ವರ್ಷ ಸುವಾನಿಯಲ್ಲಿ ಅಟ್ಲಾಂಟಾ ತಂಡದ ಶಿಬಿರಕ್ಕೆ ಕರೆಯದೇ ಹೋಗಿ, ಗೇಟಿನಲ್ಲಿ ನಿಂತು, ಕಾಡಿಬೇಡಿ ಒಳಗೆ ಸೇರಿದ. ಒಂದು ವರ್ಷ ಬರೀ ಅಭ್ಯಾಸಕ್ಕೆ ಇಟ್ಟುಕೊಂಡರು. ಈ ವರ್ಷ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಆಡಿಸುತ್ತಿದ್ದಾರೆ. ಮೊದಲೆರಡು ಆಟದಲ್ಲೇ ಮೂರು ಸಲ ಎದುರಾಳಿಯ ಚೆಂಡು ಕಸಿದ.

ಈಗ ನೋಡು ಊರಿನ ಸಂಭ್ರಮ. ಗೆದ್ದೆತ್ತಿನ ಬಾಲ ಹಿಡಿಯಲು ಇಲ್ಲಿ ಸರದಿ ಹಚ್ಚಿದ್ದಾರೆ. ಕಾಲೇಜಿನ ಗೇಟಿಗೆ ಅವನ ಚಿತ್ರ ಕಟ್ಟಿದ್ದಾರೆ. ಕೋಚ್ ಹಡ್ಸನ್ ಪೇಪರಿನವರಿಗೆ, "ಅವನು ಬಸ್ಸಿನಿಂದ ಇಳಿದ ದಿನವೇ ನನಗೆ ಗೊತ್ತಾಗಿತ್ತು" ಎಂದಿದ್ದಾನೆ. ಗೊತ್ತಾಗಿತ್ತಂತೆ! ಎರಡನೆಯ ವರ್ಷದವರೆಗೆ ಅವನನ್ನು ಬೆಂಚಿನಿಂದ ಏಳಿಸಿರಲಿಲ್ಲ ಈ ಪುಣ್ಯಾತ್ಮ. ಪೇಪರಿನವರಂತೂ ಟೆರೆನ್ಸ್‌ನನ್ನೂ, ಮೊನ್ನೆಯವರೆಗೆ ಬ್ರೆಡ್ ಗಾಡಿ ಓಡಿಸುತ್ತಿದ್ದ ಇನ್ನೊಂದು ಸಣ್ಣ ಕಾಲೇಜಿನ ಹುಡುಗನನ್ನೂ ಸೇರಿಸಿ "ತಡವಾಗಿ ಅರಳಿದವರು" ಎಂದು ಅರ್ಧ ಪುಟ ಬರೆದಿದ್ದಾರೆ. ಅದನ್ನು ಓದಿ ಮೈ ಉರಿಯಿತು. ಅವರು ಅರಳಿದ್ದು ಸರಿಯಾದ ಕಾಲಕ್ಕೇ. ನೋಡುವವರು ತಡವಾಗಿ ಬಂದರು. ಈ ಆಟದಲ್ಲಿ ಕಾಲಿಗೆ ಮೂವತ್ತಕ್ಕೆ ಮುಪ್ಪು. ಅವನಿಗೆ ಉಳಿದಿರುವುದು ಹೆಚ್ಚೆಂದರೆ ಮೂರು ವರ್ಷ.

ಇನ್ನೊಂದು ಕಿರಿಕಿರಿ ಹೇಳುತ್ತೇನೆ. ಹೋದ ವಾರ ಟೀವಿಯಲ್ಲಿ ಅವನನ್ನು ಕೇಳಿದರು, ಇಷ್ಟು ವರ್ಷ ನಿನ್ನನ್ನು ನಂಬಿದವರು ಯಾರು ಎಂದು. ಅವನು, "ನನ್ನ ತಾಯಿ, ಮತ್ತು ನಮ್ಮೂರಿನ ಡಾಕ್" ಎಂದ. ಮರುದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆಯಲು ಬಿಡಲಿಲ್ಲ ಜನ, ಕೈಕುಲುಕುವುದೇನು, ಬೆನ್ನು ತಟ್ಟುವುದೇನು. ನಿನ್ನ ಕನ್ನಡ ಸಂಘದವರು ಬೇರೆ ನನಗೆ ಶಾಲು ಹೊದಿಸುತ್ತಾರೆಂದು ಬರೆದಿದ್ದೀಯ. ನಿನಗೆ ಕೈಮುಗಿಯುತ್ತೇನೆ, ಆ ಶಾಲು ಬೇಡ.

ಕಳೆದ ಶುಕ್ರವಾರ ಟೆರೆನ್ಸ್‌ನ ಫೋನ್ ಬಂದಿತ್ತು. ತಂಡದ ಆಫೀಸಿನಲ್ಲಿ ಯಾರೋ ಬಾಯಿಬಿಟ್ಟಿದ್ದಾರೆ. ಎಂಬತ್ತೊಂಬತ್ತರಲ್ಲಿ ಅವನನ್ನು ಯಾರೂ ತೆಗೆದುಕೊಳ್ಳದೇ ಇದ್ದದ್ದು ಕಾಲೇಜು ಸಣ್ಣದೆಂದಲ್ಲವಂತೆ. ಯಾವನೋ ಡಾಕ್ಟರು ಅವನ ಎಡಮೊಣಕಾಲಿನ ಬಗ್ಗೆ ಒಂದು ಕಾಗದ ಬರೆದಿದ್ದನಂತೆ, ಅದು ಒಂದು ತಂಡದಿಂದ ಇನ್ನೊಂದಕ್ಕೆ ಹೋಗಿ ಎಲ್ಲ ಕಡೆಯೂ ಅವನ ಹೆಸರಿನ ಮೇಲೆ ಗೀಟು ಬಿತ್ತಂತೆ. "ಆ ಕಾಗದದ ನಕಲು ಕೇಳಿದ್ದೇನೆ ಡಾಕ್. ವಾಷಿಂಗ್ಟನ್‌ಗೆ ಬನ್ನಿ. ಆಟದ ಹಿಂದಿನ ದಿನ ಶನಿವಾರ ಮಧ್ಯಾಹ್ನ ಹೋಟೆಲಿನಲ್ಲಿ ಕೂತು ನೀವೇ ಓದಿ ನನಗೆ ತಿಳಿಸಿ ಹೇಳಬೇಕು. ಯಾರು ಬರೆದರು, ಯಾಕೆ ಬರೆದರು ಅಂತ ಗೊತ್ತಾಗಬೇಕು" ಎಂದ. ನೋಡೋಣ ಎಂದೆ.

ನನಗೆ ಬಿಡುವಿಲ್ಲ. ಆ ವಾರ ಎರಡು ಸೊಂಟದ ಆಪರೇಷನ್ ಇವೆ. ಏಳೆಂಟು ಗಂಟೆ ಡ್ರೈವ್ ಮಾಡಿ ನಿಮ್ಮ ಬೆಲ್ಟ್‌ವೇ ವರ್ತುಲ ರಸ್ತೆಯ ವಾಹನಗಳಲ್ಲಿ ಸಿಕ್ಕಿಹಾಕಿಕೊಳ್ಳುವ ವಯಸ್ಸೂ ನನ್ನದಲ್ಲ. ನೀನು ನೋಡಿ ಬಂದು ಫೋನ್ ಮಾಡು, ಸಾಕು.

ಶ್ರೀದೇವಿಯವರಿಗೆ ನನ್ನ ಶರಣು, ನಡಿಗೆ ತಪ್ಪಿಸಬಾರದೆಂದು ಹೇಳು. ಮಕ್ಕಳಿಗೆ ಆಶೀರ್ವಾದ. ಅವರ ಕಾಲು ಗಟ್ಟಿಯಾಗಿರಲಿ, ತಲೆ ತಣ್ಣಗಿರಲಿ, ನನ್ನ ಹಾಗೆ ಆಗದಿರಲಿ.

ನಿನ್ನ
ಅಣ್ಣಾಸಾಹೇಬ

ತಾ.ಕ. (೧೭ ಸೆಪ್ಟೆಂಬರ್, ಶನಿವಾರ ಬೆಳಗ್ಗೆ)

ಇದನ್ನು ಲಕೋಟೆಗೆ ಹಾಕಿ ಮೂರು ದಿನ ಅಂಟಿಸಲಿಲ್ಲ. ವಸಂತಾ ತೆಗೆದು ಓದಿದಳು. ಓದಿ ನನ್ನ ಮುಂದೆ ಇಟ್ಟು, "ಎಲ್ಲಾರ್ನೂ ಬೈದೀರಿ. ಕೋಚ್‌ನ ಬೈದೀರಿ, ಪೇಪರ್ನವ್ರನ್ನ ಬೈದೀರಿ, ಆ ಸ್ಟಾಪ್‌ವಾಚನ್ನೂ ಬಿಟ್ಟಿಲ್ಲ. ಇದ್ರಾಗ ನಿಮ್ಮ ಹೆಸರ ಎಲ್ಲೈತ್ರಿ?" ಎಂದಳು. ಆಗಸ್ಟ್‌ನಿಂದ ಅವಳೊಬ್ಬಳಿಗೇ ಗೊತ್ತು. ಈಗ ನಿನಗೆ ಹೇಳುತ್ತೇನೆ. ಆ ಕಾಗದ ಬರೆದವನು ನಾನು.

ಎಂಬತ್ತೊಂಬತ್ತರ ಮಾರ್ಚ್. ಒಂದು ವೃತ್ತಿಪರ ತಂಡದ ಕಡೆಯವನು ಹೊರಗೆ ಕಾರಿನಲ್ಲಿದ್ದ, ಡಾಕ್ಟರ ಸಹಿ ಬೇಕು, ಹತ್ತು ನಿಮಿಷದಲ್ಲಿ ಹೊರಡಬೇಕು ಎಂದ. ನನ್ನ ಕ್ಲಿನಿಕ್ಕು ತುಂಬಿತ್ತು. ಟೆರೆನ್ಸ್ ಮೈದಾನದಿಂದ ನೇರವಾಗಿ ಬಂದಿದ್ದ. ಬಲಗಾಲಿಗೆ ಯಾವುದೋ ತರಚು ಗಾಯವೆಂದು ತೊಡೆಯಿಂದ ಪಾದದವರೆಗೆ ಬಿಗಿಯಾಗಿ ಪಟ್ಟಿ ಸುತ್ತಿತ್ತು. ಎಡಮೊಣಕಾಲು ಎಳೆದು ನೋಡಿದೆ. ಸಡಿಲವಿತ್ತು. ಬಲಗಾಲಿನ ಪಟ್ಟಿ ಬಿಚ್ಚಿ ನೋಡಬೇಕಿತ್ತು, ಬಿಚ್ಚಲಿಲ್ಲ. ಮನುಷ್ಯ ಮನುಷ್ಯನಿಗೆ ಕೀಲು ಬೇರೆ, ಒಂದು ಮೊಣಕಾಲನ್ನು ಅವನದೇ ಇನ್ನೊಂದರ ಜೊತೆ ಹೋಲಿಸಿ ನೋಡಬೇಕು ಎಂಬುದು ನಮ್ಮ ಹುಬ್ಬಳ್ಳಿ ಮೆಡಿಕಲ್ ಕಾಲೇಜಿನ ಎಳೆಯ ಹುಡುಗನಿಗೂ ಗೊತ್ತು. ಹಿಂದಿನ ವರ್ಷವಷ್ಟೇ ನಾನು ಸರಿಯಿದೆ ಎಂದು ಕಳಿಸಿದ ಇನ್ನೊಬ್ಬ ಹುಡುಗನ ಕಾಲು ಮೈದಾನದಲ್ಲಿ ಮುರಿದು, ಅವನ ತಂದೆ ನನ್ನ ಬಾಗಿಲಿಗೆ ಬಂದು ಕೂಗಾಡಿದ್ದ. ಆ ಹೆದರಿಕೆ ಕೈಯಲ್ಲಿತ್ತು. "ಎಡಮೊಣಕಾಲಿನ ಲಿಗಮೆಂಟ್ ಸಡಿಲ, ಹಳೆಯ ಪೆಟ್ಟಿರಬಹುದು, ವೃತ್ತಿಪರ ಆಟವನ್ನು ಎರಡು ವರ್ಷ ತಾಳುವುದು ಸಂಶಯ" ಎಂದು ಬರೆದು ಸಹಿ ಹಾಕಿದೆ. ಅವನಿಗೆ, ಎಲ್ಲ ಸರಿಯಿದೆ, ಹೋಗು ಎಂದೆ. ಏಪ್ರಿಲ್‌ನಲ್ಲಿ ಆ ಮನೆಯಲ್ಲಿ ಕೂತಾಗಲೂ ನಾನು ಬರೆದದ್ದು ನಿಜವೆಂದೇ ನಂಬಿದ್ದೆ. ಒಂದು ಕಾಲು ಉಳಿಸಿದೆ ಎಂದೇ ಅಂದುಕೊಂಡಿದ್ದೆ.

ಈ ಆಗಸ್ಟ್ ಮೊದಲ ವಾರ ಅವನನ್ನು ನೋಡಲು ಸುವಾನಿಯ ಶಿಬಿರಕ್ಕೆ ಹೋಗಿದ್ದೆ. ಅವನ ತೊಡೆಗೆ ಪೆಟ್ಟು ಬಿದ್ದಿತ್ತು, ತಂಡದ ಡಾಕ್ಟರಿದ್ದರೂ "ನೀವು ಒಮ್ಮೆ ನೋಡಿ ಡಾಕ್" ಎಂದ. ಮೊದಲ ಸಲ ಎರಡೂ ಮೊಣಕಾಲು ಒಟ್ಟಿಗೆ ನನ್ನ ಕೈಗೆ ಬಂದವು. ಎರಡೂ ಒಂದೇ ಸಮ ಸಡಿಲ, ಕರಬಸು. ಪೆಟ್ಟೂ ಇಲ್ಲ, ಏನೂ ಇಲ್ಲ. ದೇವರು ಅವನನ್ನು ಮಾಡಿರುವುದೇ ಹಾಗೆ, ಆ ಸಡಿಲದಿಂದಲೇ ಅವನು ಹಾಗೆ ತಿರುಗುತ್ತಾನೋ ಏನೋ. ಹತ್ತು ನಿಮಿಷ ಉಳಿಸಲು ಹೋಗಿ ಆ ಹುಡುಗನ ಐದು ವರ್ಷ ತಿಂದೆ. ನಿನ್ನ ಕಾಗದಕ್ಕೆ ಮೂರು ವಾರ ಉತ್ತರ ಬರೆಯದೆ ಇದ್ದದ್ದಕ್ಕೂ ಇದೇ ಕಾರಣ.

ಈಗ ಅರ್ಧ ಗಂಟೆಯ ಹಿಂದೆ ಅವನು ಫೋನ್ ಮಾಡಿದ್ದ. ನಕಲು ಬಂದಿದೆಯಂತೆ. "ಲಕೋಟೆ ಇನ್ನೂ ಒಡೆದಿಲ್ಲ ಡಾಕ್. ಒಬ್ಬನೇ ಓದಿದರೆ ಸಿಟ್ಟು ಬರುತ್ತೆ. ನೀವು ಪಕ್ಕದಲ್ಲಿದ್ದರೆ ತಡ್ಕೋತೀನಿ" ಎಂದ. ಅಲ್ಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ, ಬಂದದ್ದು "ಬರುತ್ತೇನೆ" ಎಂಬ ಒಂದೇ ಮಾತು.

ಬರುವ ಶನಿವಾರ, ಇಪ್ಪತ್ನಾಲ್ಕರ ಮಧ್ಯಾಹ್ನಕ್ಕೆ ಅಲ್ಲಿರುತ್ತೇನೆ. ಸಂಘದವರಿಗೆ ಹೇಳಬೇಡ. ಹೋಟೆಲಿಗೆ ನೀನೂ ಬಾ, ಆದರೆ ಒಳಗೆ ಬರಬೇಡ, ಕೆಳಗೆ ಕೂತಿರು. ಅವನು ಬೈದರೆ ಬೈಸಿಕೊಳ್ಳುತ್ತೇನೆ, ಹೊರಗೆ ನೂಕಿದರೆ ಹೊರಡುತ್ತೇನೆ. "ಹೋಗಲಿ ಬಿಡಿ ಡಾಕ್" ಎಂದು ಹೆಗಲ ಮೇಲೆ ಕೈ ಇಟ್ಟನೆಂದರೆ ಏನು ಮಾಡಬೇಕೋ ನನಗೆ ತಿಳಿಯುತ್ತಿಲ್ಲ.