ಮೆಟ್ಟಿಲಿಲ್ಲದ ಮನೆ

ಮೇ 3, ಶನಿವಾರ. ಬೆಳಗ್ಗೆ 9

ಕಾಫಿ ಇಳಿಸುವಷ್ಟರಲ್ಲೇ ಟ್ರ್ಯಾಕ್ಟರಿನ ಸದ್ದು ಶುರು. ಕಿಟಕಿ ಗಾಜೆಲ್ಲ ಗಡಗಡ. ಮುಂಬಾಗಿಲ ಮೆಟ್ಟಿಲು ಇವತ್ತು ಕೀಳುತ್ತಾನಂತೆ ನನ್ನ ಗಂಡ ರೇನೋ. ಐದು ಮೆಟ್ಟಿಲು, ಒಂದೇ ಕಾಂಕ್ರೀಟಿನ ಗಟ್ಟಿ. ಅವರಪ್ಪ ಹಾಕಿಸಿದ್ದು. ಅದನ್ನು ಎಬ್ಬಿಸಿ, ಮಣ್ಣು ಏರಿಸಿ, ಬಾಗಿಲಿನಿಂದ ಅಂಗಳಕ್ಕೆ ಇಳಿಜಾರು ದಾರಿ ಮಾಡುವ ಯೋಜನೆ. ನನ್ನ ಗಾಲಿಕುರ್ಚಿ ಸಲೀಸಾಗಿ ಇಳಿಯಲಿ ಅಂತ. ಏಪ್ರಿಲ್‌ನಲ್ಲಿ ಅಂಗಳದಾಚೆಯ ಸೌನಾದ ಬಿಸಿಹಬೆಯಲ್ಲಿ ಬೆವರಿಳಿಸಿಕೊಂಡು ಮನೆಗೆ ಬರುವಾಗ ಅಂಗಳದ ಮಂಜುಗಡ್ಡೆಯ ಮೇಲೆ ಜಾರಿ ಕಾಲು ಮುರಿದುಕೊಂಡೆನಲ್ಲ, ಆ ಪುಣ್ಯ. ಮೊಣಕಾಲ ತನಕ ಪ್ಲಾಸ್ಟರ್. ಜೂನ್ ಅರ್ಧ ಕಳೆಯುವವರೆಗೆ ಆ ಕಾಲು ನೆಲಕ್ಕೆ ಊರುವಂತಿಲ್ಲ.

"ಮೂರೇ ದಿನ, ಐಲಿ. ನಾಲ್ಕನೇ ದಿನ ನೀನು ಜಾರುಬಂಡಿ ಹಾಗೆ ಇಳೀತೀಯ."

ಹಿಂಬಾಗಿಲ ಮರದ ಜಗಲಿಗೂ ಮೂರೇ ದಿನ ಅಂದಿದ್ದ. ಹೋದ ಅಕ್ಟೋಬರ್‌ನಲ್ಲಿ. ಟ್ರ್ಯಾಕ್ಟರ್ ಬಂದ ಹೊಸದು, ಏನಾದರೂ ಕೆಡವದೆ ಕೈ ಸುಮ್ಮನಿರುತ್ತದೆಯೇ? ಒಂದೇ ಮಧ್ಯಾಹ್ನಕ್ಕೆ ಕೆಡವಿದ. ಕಟ್ಟುವುದು ವಸಂತಕ್ಕೆ ಅಂದ. ಈಗ ಹಿಂಬಾಗಿಲು ತೆರೆದರೆ ನಾಲ್ಕಡಿ ಕೆಳಗೆ ಹಲಗೆ ರಾಶಿ.

ಅದಿರಲಿ. ನಾನು ಎಣಿಸುತ್ತಿರುವುದು ಒಂದೇ ದಿನ. ಮೇ 24. ಅಕ್ಕ ಲೆಂಪಿಯನ್ನು ಮಣ್ಣು ಮಾಡುವ ದಿನ. ಜನವರಿಯಲ್ಲಿ ಹೋದವಳು. ಚಳಿಗಾಲದಲ್ಲಿ ಸತ್ತವರೆಲ್ಲರ ಹಾಗೆ, ನೆಲ ಕರಗುವ ತನಕ ಸ್ಮಶಾನದ ಕಲ್ಲುಕೋಣೆಯಲ್ಲಿ ಕಾದಿದ್ದಾಳೆ. ಆ ದಿನ ನಾನು ಅಲ್ಲಿರಬೇಕು. ಏನೇ ಆಗಲಿ.

ಮೇ 4, ಭಾನುವಾರ

ಕಾಂಕ್ರೀಟು ಅಲ್ಲಾಡಲಿಲ್ಲ. ಬಡಗು ದಿಕ್ಕಿನ ನೆರಳು, ಅಡಿಯಲ್ಲಿ ನೆಲ ಇನ್ನೂ ಕಲ್ಲಿನ ಹಾಗೆ ಹೆಪ್ಪುಗಟ್ಟಿದೆ. ಮಿಷಿಗನ್ನಿನ ಈ ಮೇಲ್ತುದಿಯಲ್ಲಿ ಹುಟ್ಟಿ ಅರವತ್ತೊಂಬತ್ತು ವರ್ಷ ಬಾಳಿದ ಗಂಡಸಿಗೆ ಮೇ ಮೊದಲ ವಾರದಲ್ಲಿ ನೆಲ ಹೇಗಿರುತ್ತದೆ ಅಂತ ಗೊತ್ತಿಲ್ಲವೇ! ಮುಂದಿನ ಬಕೆಟ್ಟಿನಿಂದ ಮೀಟಿದ. ಮೆಟ್ಟಿಲು ಏಳಲಿಲ್ಲ, ಟ್ರ್ಯಾಕ್ಟರಿನ ಹಿಂದಿನ ಚಕ್ರಗಳೇ ಎದ್ದವು.

"ಗಾಡಿ ಚಿಕ್ಕದು, ಹಠ ದೊಡ್ಡದು," ಅಂತ ಕಿಟಕಿಯಾಚೆಯಿಂದ ಕೂಗಿದ.

"ಯಾರದ್ದು? ಗಾಡೀದೋ, ನಿಂದೋ?"

ಕೇಳಿಸಲಿಲ್ಲ ಅವನಿಗೆ. ಕಿವಿಗೆ ಆ ದೊಡ್ಡ ಮುಚ್ಚಳ ಹಾಕಿಕೊಂಡಿರುತ್ತಾನೆ. ಆ ಟ್ರ್ಯಾಕ್ಟರಿನಲ್ಲಿ ಅವನಿಗೆ ಅತ್ಯಂತ ಇಷ್ಟವಾದ ಭಾಗ ಅದೇ ಇರಬೇಕು.

ಮೇ 7, ಬುಧವಾರ

ಕಿತ್ತ. ನಾಲ್ಕು ದಿನ ಗುದ್ದಿ, ಮೀಟಿ, ಸರಪಳಿ ಕಟ್ಟಿ ಎಳೆದು — ಕಡೆಗೂ ಮೂರು ತುಂಡಾಗಿ ಎದ್ದಿತು. ಮನೆ ಇಡೀ ಒಮ್ಮೆ ನಡುಗಿತು. ಟೊಪ್ಪಿ ತೆಗೆದು ಗಾಳಿಯಲ್ಲಿ ಬೀಸಿದ. ನಾನೂ ಕಿಟಕಿಯಿಂದ ಚಪ್ಪಾಳೆ ತಟ್ಟಿದೆ, ಸುಳ್ಳೇಕೆ.

ಊಟಕ್ಕೆ ಏಣಿ ಇಟ್ಟುಕೊಂಡು ಬಾಗಿಲೊಳಗೆ ಹತ್ತಿ ಬಂದ. ಮಾಂಸ, ಆಲೂಗಡ್ಡೆ ತುಂಬಿದ ಪಾಸ್ಟಿ ಬಿಸಿಯಾಗಿತ್ತು. ಎರಡು ತುತ್ತು ತಿನ್ನುವ ತನಕ ಬಿಟ್ಟು ಕೇಳಿದೆ:

"ರೇನೋ, ಈಗ ನಾನು ಹೊರಗೆ ಹೋಗೋದು ಹೇಗೆ?"

ಪಾಸ್ಟಿ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಮುಂಬಾಗಿಲು ನೋಡಿದ. ಹಿಂಬಾಗಿಲು ನೋಡಿದ.

"ಓ," ಅಂದ.

ಓ ಅಂತೆ! ಒಂದು ಮನೆ, ಎರಡು ಬಾಗಿಲು, ಎರಡಕ್ಕೂ ಮೆಟ್ಟಿಲಿಲ್ಲ. ನಡುವೆ ಒಂಟಿ ಕಾಲಿನ ನಾನು. ಇಳಿಜಾರು ಮೊದಲು ಹಿಂಬಾಗಿಲಿಗೆ ಮಾಡಿ, ಆಮೇಲೆ ಮುಂದಿನದು ಕೀಳಬೇಕು ಅಂತ ಚಿಕ್ಕ ಮಕ್ಕಳಿಗೂ ಹೊಳೆಯುತ್ತಿತ್ತು. ಈ ಮಹಾರಾಯನಿಗೆ ಹೊಳೆಯಲಿಲ್ಲ.

ಮೇ 8, ಗುರುವಾರ

ನಿದ್ದೆ ಸರಿಯಾಗಲಿಲ್ಲ. ಲೆಂಪಿಯದೇ ನೆನಪು.

ಎರಡು ವರ್ಷದ ಹಿಂದೆ, ಈಸ್ಟರ್ ಊಟಕ್ಕೆ ಕೂತಿದ್ದೆವು. ಅವಳ ಮನೆಯಲ್ಲೇ. ರೇನೋ ಹೊರಗೆ ಯಾರೊಂದಿಗೋ ಮಾತಾಡುತ್ತಿದ್ದ. ಲೆಂಪಿ ಹ್ಯಾಮ್ ಕತ್ತರಿಸುತ್ತಾ, ಸಲೀಸಾಗಿ ಅಂದಳು: "ನಿನ್ನ ಗಂಡ ಇದಾನಲ್ಲ ಐಲಿ, ಹುಟ್ಟಿದಾಗಿಂದ ಒಂದು ಕೆಲಸ ಪೂರ್ತಿ ಮಾಡಿದ್ದು ನಾನು ನೋಡಿಲ್ಲ. ನಿಮ್ಮ ಮದುವೆ ದಿನ ಪಾದ್ರಿ ಪಕ್ಕದಲ್ಲಿ ನಿಂತಿದ್ದರಿಂದ ಮದುವೆಯೊಂದು ಮುಗೀತು."

ಎಲ್ಲರೂ ನಕ್ಕರು. ನಿಜವಾಗಿದ್ದರಿಂದಲೇ ನನಗೆ ಮೈಯೆಲ್ಲ ಉರಿಯಿತು. ನಾನು ಬಯ್ಯಬಹುದು, ನನ್ನ ಗಂಡ. ಇವಳು ಯಾರು? ಎದ್ದು ನಿಂತು ಹೇಳಿದೆ: "ನೋಡ್ತಿರು ಲೆಂಪಿ. ಒಂದಲ್ಲ ಒಂದು ದಿನ ನಿನಗೂ ಅವನೇ ಬೇಕಾಗ್ತಾನೆ. ಆಗ ಪೂರ್ತಿ ಮಾಡ್ತಾನೋ ಇಲ್ಲವೋ ನೋಡುವಿಯಂತೆ."

ಅದೇ ಕಡೆಯ ಮಾತು. ಆಮೇಲೆ ಅವಳು ಹೋಗುವ ತನಕ ಅವಳೂ ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ. ಜನವರಿಯಲ್ಲಿ ಚರ್ಚಿನಲ್ಲಿ ಅವಳಿಗೆ ಪ್ರಾರ್ಥನೆ ಇಟ್ಟಾಗ ಹಿಮಗಾಳಿ, ರಸ್ತೆ ಸರಿಯಿಲ್ಲ ಅಂತ ಹೇಳಿ ಕಳುಹಿಸಿದೆ. ರಸ್ತೆ ಚೆನ್ನಾಗಿಯೇ ಇತ್ತು. ಇಲ್ಲಿ ಬರೆದಿಡುತ್ತಿದ್ದೇನೆ, ಬೇರೆ ಯಾರಿಗೂ ಹೇಳಿಲ್ಲ. ಸಿಟ್ಟು ಇಳಿದಿರಲಿಲ್ಲ ನನಗೆ. ಸತ್ತವಳ ಮೇಲೂ ಸಿಟ್ಟು!

24ಕ್ಕೂ ಹೋಗದೆ ಉಳಿದರೆ ಇನ್ನು ಯಾವಾಗ ಹೋಗುವುದು?

ಮೇ 10, ಶನಿವಾರ. ಸಂಜೆ 4

ಹಣೆಬರಹ.

ಮಣ್ಣು ತರಲು ಹೋಗಿ ಹಿಂಬಾಗಿಲ ಹಲಗೆ ರಾಶಿಯ ಮೇಲೆ ಟ್ರ್ಯಾಕ್ಟರ್ ಹತ್ತಿಸಿದ. ಅಕ್ಟೋಬರಿನಿಂದ ಮೊಳೆ ಮೇಲೆ ಮಾಡಿ ಬಿದ್ದಿರುವ ಹಲಗೆಗಳು. ಹಿಂದಿನ ಎಡ ಟೈರು ಪಂಕ್ಚರ್. ಬರೀ ಗಾಳಿ ಹೋದರೆ ಸಾಕಿತ್ತು. ಗಾಡಿ ಹಗುರ, ತೂಕ ಬೇಕು ಅಂತ ಟೈರಿನೊಳಗೆ ಸಕ್ಕರೆ ತೆಗೆಯುವ ಬೀಟ್ರೂಟಿನ ರಸ ತುಂಬಿಸುತ್ತಾರೆ ಇಲ್ಲಿ — ನೀರಾದರೆ ಚಳಿಗೆ ಗಡ್ಡೆ ಕಟ್ಟುತ್ತದೆ. ಆ ರಸ ಚಿಲ್ಲನೆ ಚಿಮ್ಮಿ ಗೋಡೆ, ಕಿಟಕಿ, ಒಣಹಾಕಿದ ಬಟ್ಟೆ, ರೇನೋನ ಮುಖ… ಎಲ್ಲ ಕಂದು. ಮನೆ ಸುತ್ತ ಬೆಲ್ಲದ ಪಾಕದ ವಾಸನೆ.

"ಬೆರಳಿಟ್ಟು ಮುಚ್ಚಲಾ?" ಅಂತ ಕೂಗಿದ.

"ಆ ಬೆರಳು ಹೋದ ವರ್ಷ ಮೊಳೆ ಕೀಳೋಕೆ ಬಳಸಿದ್ದರೆ ಆಗ್ತಿತ್ತು!" ಅಂದೆ.

ಮೇ 14, ಬುಧವಾರ

ಟೈರು ರಿಪೇರಿಗೆ ಹೋಗಿದೆ. ಸೋಮವಾರ ಬರುತ್ತದಂತೆ. ಟ್ರ್ಯಾಕ್ಟರ್ ಒಂದು ಕಡೆ ದಿಮ್ಮಿಯ ಮೇಲೆ ಕೂತಿದೆ, ನನ್ನ ಹಾಗೇ. ಸಂಜೆಯಾದರೆ ಚೆಲ್ಲಿದ ಸಿಹಿ ರಸಕ್ಕೆ ಜಿಂಕೆಗಳು ಬಂದು ಅಂಗಳ ನೆಕ್ಕುತ್ತವೆ. ಬಂದವರೆಲ್ಲ ಕಿಟಕಿ ಕೆಳಗೆ ನಿಂತು ಕತ್ತೆತ್ತಿ ಮಾತಾಡಿಸುತ್ತಾರೆ. ಏಲಕ್ಕಿ ಬ್ರೆಡ್ಡು ತಂದವರು ಕೋಲಿನ ತುದಿಗೆ ಸಿಕ್ಕಿಸಿ ಕೊಡುತ್ತಾರೆ.

ಸಲಿಕೆ ಹಿಡಿದು ಮಣ್ಣು ಏರಿಸು ಅಂದೆ. "ಟ್ರ್ಯಾಕ್ಟರ್ ಇರುವಾಗ ಸಲಿಕೆ ಯಾಕೆ?" ಅಂದ. ಟ್ರ್ಯಾಕ್ಟರ್ ಎಲ್ಲಿದೆ? ಕುಂಟುತ್ತಿದೆ! ಇಂಥವನಿಗೆ ಏನು ಹೇಳುವುದು.

ಮೇ 20, ಮಂಗಳವಾರ

ನಿನ್ನೆ ಟೈರು ಬಂತು. ಇವತ್ತು ಇಡೀ ದಿನ ಮುಂಬಾಗಿಲಿಗೆ ಮಣ್ಣು ಏರಿಸಿದ. ಚೆನ್ನಾಗಿಯೇ ಏರಿಸಿದ, ಒಪ್ಪಬೇಕು. ಬಕೆಟ್ಟಿನ ಬೆನ್ನಿನಿಂದ ತಟ್ಟಿ ತಟ್ಟಿ ನಯ ಮಾಡಿದ. ಅರ್ಧ ಆಯಿತು. ಹೊಸಿಲಿಗೆ ಇನ್ನು ಎರಡಡಿ. ಇನ್ನೊಂದು ಲೋಡು ಮಣ್ಣು, ಮೇಲೆ ಜಲ್ಲಿ, ಹಲಗೆ… ನಾಳೆ, ನಾಡಿದ್ದು. ಶನಿವಾರಕ್ಕೆ ಸರಿಯಾಗಿ ಆಗುತ್ತದೆ. ಆಗಲೇಬೇಕು.

ಮೇ 21, ಬುಧವಾರ. ಬೆಳಗ್ಗೆ 10

ಇಲ್ಲ. ಇದನ್ನು ನಂಬಲಾರೆ.

ಎಂಟು ಗಂಟೆಗೆ ಅರ್ವಿಡ್ ಬಂದ. ನಮ್ಮ ಸ್ಮಶಾನ ನೋಡಿಕೊಳ್ಳುವವನು, ಗುಂಡಿ ತೋಡಿಸುವವನೂ ಅವನೇ. ಬಾಡಿಗೆಗೆ ತಂದ ದೊಡ್ಡ ಯಂತ್ರ ಗೇಟಿನ ಹತ್ತಿರವೇ ಕೆಸರಲ್ಲಿ ಹೂತು ಕೂತಿದೆಯಂತೆ. ಹೂತಿರದಿದ್ದರೂ ಹಳೆ ಸಮಾಧಿಕಲ್ಲುಗಳ ಸಾಲಿನ ನಡುವೆ ಅದು ತೂರುವುದಿಲ್ಲವಂತೆ. ರೇನೋನ ಪುಟ್ಟ ಟ್ರ್ಯಾಕ್ಟರ್ ತೂರುತ್ತದೆ. ಅದರ ಹಿಂದೆ ತೋಡುವ ಕೈಯೂ ಇದೆ.

ರೇನೋ ಟೊಪ್ಪಿ ಹಾಕಿಕೊಂಡೇಬಿಟ್ಟ. ಬಾಗಿಲಲ್ಲಿ ಕುರ್ಚಿಯ ಮೇಲೆ ಕೂತು ಕಿರುಚಿದೆ:

"ನನ್ನ ದಾರಿ ಅರ್ಧಕ್ಕೆ ನಿಂತಿದೆ! ಮೂರು ದಿನ ಉಳಿದಿದೆ! ಮನೆಗೆ ಮಾರಿ, ಊರಿಗೆ ಉಪಕಾರಿ!"

ಅರ್ವಿಡ್ ಬೂಟು ನೋಡುತ್ತಾ ನಿಂತ. ರೇನೋ ಅರ್ಧ ಇಳಿಜಾರು ಹತ್ತಿ ಬಂದು, ಕಿವಿಯ ಮುಚ್ಚಳ ತೆಗೆದು, ನಿಧಾನವಾಗಿ ಕೇಳಿದ:

"ಯಾರಿಗೆ ತೋಡೋದು ಅಂತ ಗೊತ್ತಾಯ್ತಲ್ಲ, ಐಲಿ?"

ಗೊತ್ತಾಯಿತು. ಲೆಂಪಿಗೆ. ಟ್ರ್ಯಾಕ್ಟರನ್ನು ಟ್ರೇಲರಿಗೆ ಹತ್ತಿಸಿಕೊಂಡು ಹೋದರು.

ಮೇ 22, ಗುರುವಾರ. ಸಂಜೆ 6

ಇವತ್ತೂ ಅಲ್ಲೇ. ಒಂದು ಗುಂಡಿಗೆ ಎರಡು ದಿನ! ಇಲ್ಲಿ ಮಧ್ಯಾಹ್ನದಿಂದ ಮಳೆ. ನಯ ಮಾಡಿದ್ದ ಮಣ್ಣೆಲ್ಲ ಜಾರಿ ಅಂಗಳಕ್ಕೆ ಹರಿಯುತ್ತಿರುವುದನ್ನು ಕಿಟಕಿಯಿಂದ ನೋಡುತ್ತಾ ಕೂತೆ. ಅಡಿ ಅಡಿಯಾಗಿ ಇಳಿಯಿತು. ಅತ್ತೆ. ಜೋರಾಗಿಯೇ ಅತ್ತೆ, ಕೇಳುವವರು ಯಾರಿದ್ದಾರೆ. ನೀನು ಹೇಳಿದ್ದೇ ಸರಿ ಲೆಂಪಿ, ನೂರಕ್ಕೆ ನೂರು ಸರಿ, ಇವನನ್ನು ವಹಿಸಿಕೊಂಡು ನಿನ್ನನ್ನು ಕಳೆದುಕೊಂಡೆನಲ್ಲ ಅಂತ ಗೋಡೆಗೆ ಹೇಳಿದೆ.

ಈಗ ಬಂದ. ತಲೆಯಿಂದ ಕಾಲಿನ ತನಕ ಕೆಸರು. ಫೋನು ತೆಗೆದು ನನ್ನ ಮುಂದೆ ಹಿಡಿದ.

ಗುಂಡಿಯ ಚಿತ್ರ. ನೋಡುತ್ತಲೇ ಇದ್ದೆ. ನಾಲ್ಕು ಮೂಲೆಯೂ ಚಾಕುವಿನಲ್ಲಿ ಕೊಯ್ದ ಹಾಗೆ. ಗೋಡೆ ನೇರ. ಅಡಿಯಲ್ಲಿ ಒಂದು ಹನಿ ನೀರು ನಿಂತಿಲ್ಲ, ಜಲ್ಲಿ ಹಾಸಿದ್ದಾನೆ. ಕಿತ್ತ ಹುಲ್ಲಿನ ಹೆಂಟೆಗಳನ್ನು ಮತ್ತೆ ಹಾಸಲು ಸಾಲಾಗಿ ಜೋಡಿಸಿಟ್ಟಿದ್ದಾನೆ. ಮೇಲೆ ಟಾರ್ಪಾಲಿನ ಚಪ್ಪರ, ಮಳೆ ಬೀಳದ ಹಾಗೆ.

"ಯಂತ್ರದಲ್ಲಿ ಮೂಲೆ ಸರಿಯಾಗಿ ಬರಲ್ಲ," ಅಂದ. "ಇಳಿದು ಸಲಿಕೆಯಲ್ಲಿ ಕೆತ್ತಿದೆ. ಅರ್ವಿಡ್ ಸಾಕು ಸಾಕು ಅಂದ. ಲೆಂಪಿ ಸಾಕು ಅಂತಿರಲಿಲ್ಲ ಅಂದೆ."

ಅಂದರೆ ಇವನಿಗೆ ಗೊತ್ತಿತ್ತು. ಆ ಈಸ್ಟರ್ ದಿನ ಹೊರಗಿದ್ದವನಿಗೆ ಎಲ್ಲ ಕೇಳಿಸಿತ್ತು. ಎರಡು ವರ್ಷ ಅದರ ಬಗ್ಗೆ ಒಂದು ಮಾತೂ ಎತ್ತಿಲ್ಲ. ನನ್ನ ಹತ್ತಿರವೂ.

ಮೇ 23, ಶುಕ್ರವಾರ

ಮಳೆ. ಇಳಿಜಾರು ಹೋಯಿತು, ಬರೀ ಕೆಸರಿನ ಗುಡ್ಡೆ. ಇಬ್ಬರು ಹಿಡಿದು ಏಣಿಯಲ್ಲಿ ಇಳಿಸುತ್ತೇವೆ ಅಂತ ಅರ್ವಿಡ್ ಫೋನು ಮಾಡಿದ. ಅವನ ಸೊಂಟವೇ ನೋವಿನ ಬೆಲ್ಟಿನ ಮೇಲೆ ನಿಂತಿದೆ. ಬೇಡ ಅಂದೆ. ರೇನೋ ಬಾಗಿಲಿನ ಎತ್ತರವನ್ನು ಅಳೆದ. ಎರಡು ಸಲ ಅಳೆದ. ಏನೋ ಹೊಳೆದಿದೆ ಅವನಿಗೆ. ಇದೇ ನನ್ನ ಭಯ.

ಮೇ 24, ಶನಿವಾರ. ಬೆಳಗ್ಗೆ 9.40

ಕಪ್ಪು ಉಡುಪು ಹಾಕಿಕೊಂಡು ಕೂತಿದ್ದೇನೆ. ಬಿಸಿಲು ಬಂದಿದೆ. ಹನ್ನೊಂದಕ್ಕೆ ಮಣ್ಣು.

ಬಾಗಿಲಲ್ಲಿ ಟ್ರ್ಯಾಕ್ಟರ್. ಬಕೆಟ್ಟು ಸರಿಯಾಗಿ ಹೊಸಿಲ ಮಟ್ಟಕ್ಕೆ. ತೊಳೆದು ಒರೆಸಿದ್ದಾನೆ. ಒಳಗೆ ಸೌನಾದ ಪುಟ್ಟ ಬೆಂಚು ಕಟ್ಟಿ, ಮೇಲೆ ನಮ್ಮ ಮದುವೆಯ ಕೌದಿ ಹಾಸಿದ್ದಾನೆ. ಆ ಕೌದಿ ಹೊಲಿದವಳು ಲೆಂಪಿ.

"ಹೆಣದ ಹಾಗೆ ಹೊತ್ಕೊಂಡು ಹೋಗ್ತೀಯೇನೋ ನನ್ನ?"

"ರಾಣಿ ಹಾಗೆ. ಗಟ್ಟಿ ಹಿಡ್ಕೊ. ಬಯ್ಯೋದು ಕೆಳಗಿಳಿದ ಮೇಲೆ."

"ಇಳಿಯೋವಾಗಲೇ ಬಯ್ತೀನಿ," ಅಂದೆ.

ಹೊರಡುತ್ತೇನೆ.

ಅದೇ ದಿನ. ಸಂಜೆ 5

ಬಯ್ಯಲಿಲ್ಲ. ಒಂದಿಂಚೂ ಕುಲುಕಲಿಲ್ಲ ಬಕೆಟ್ಟು. ಮೊಟ್ಟೆಯ ತಟ್ಟೆ ಇಳಿಸುವ ಹಾಗೆ ಇಳಿಸಿದ. ಆಮೇಲೆ ನಾನು ಪಿಕಪ್ಪಿನಲ್ಲಿ, ಹಿಂದೆ ಟ್ರೇಲರಿನಲ್ಲಿ ಟ್ರ್ಯಾಕ್ಟರ್.

ಪ್ರಾರ್ಥನೆ ಮುಗಿಯಿತು. ಪೆಟ್ಟಿಗೆ ಇಳಿಯಿತು. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಜನ ಕಾಫಿಗೆ ಚರ್ಚಿಗೆ ಹೋದರು. ನಾವಿಬ್ಬರೇ ಉಳಿದೆವು. ಗಾಲಿಕುರ್ಚಿಯಲ್ಲಿ ಕೂತು ನೋಡಿದೆ. ರೇನೋ ಬಕೆಟ್ ಬಕೆಟ್ಟಾಗಿ ಮಣ್ಣು ಬಿಟ್ಟ, ಮೆಲ್ಲಗೆ, ಸದ್ದಾಗದ ಹಾಗೆ. ತಟ್ಟಿದ. ಇಳಿದು ಹುಲ್ಲಿನ ಹೆಂಟೆಗಳನ್ನು ಒಂದೊಂದಾಗಿ ಕೂರಿಸಿದ. ಸಂದುಗಳಿಗೆ ಕೈಯಿಂದ ಮಣ್ಣು ತುಂಬಿದ. ಸಲಿಕೆಯ ಗುರುತು, ಟೈರಿನ ಗುರುತು, ಎಲ್ಲವನ್ನೂ ಬಾಚಿ ಅಳಿಸಿದ. ಇಲ್ಲಿ ಯಾರೋ ತೋಡಿದ್ದಾರೆ ಅನ್ನಿಸಬಾರದು, ಹಾಗೆ. ಆಮೇಲೆ ಟೊಪ್ಪಿ ತೆಗೆದು ನನ್ನ ಪಕ್ಕ ನಿಂತ.

"ಮುಗೀತು," ಅಂದ.

ನಲವತ್ತನಾಲ್ಕು ವರ್ಷದಲ್ಲಿ ಈ ಮಾತು ಇವನ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಸಂತೋಷ ಆಗಬೇಕಿತ್ತು ನನಗೆ. ಆಗಲಿಲ್ಲ.

ಮನೆಗೆ ಬಂದು ಬಕೆಟ್ಟಿನಲ್ಲೇ ಬಾಗಿಲಿಗೆ ಏರಿಸಿದ. "ಇಳಿಜಾರು ನಾಳೆ ಮುಗಿಸ್ತೀನಿ," ಅಂದ. ನಿಧಾನಕ್ಕೆ ಮಾಡು, ಅವಸರ ಏನೂ ಇಲ್ಲ ಅಂದೆ. ನಿಜಕ್ಕೂ ಅಂದೆ.

ನಿನಗೂ ಒಂದು ದಿನ ಅವನೇ ಬೇಕಾಗುತ್ತಾನೆ ಅಂದಿದ್ದೆನಲ್ಲ, ಲೆಂಪಿ. ಬೇಕಾದ. ಪೂರ್ತಿಯೂ ಮಾಡಿದ. ನಾನು ಹೇಳಿದ್ದೇ ಸರಿಯಾಯಿತು. ಇದಕ್ಕಿಂತ ಇವನು ಎಲ್ಲವನ್ನೂ ಅರ್ಧಕ್ಕೇ ಬಿಟ್ಟು, ನೀನು ಹೇಳಿದ್ದೇ ಸರಿಯಾಗಿ, ಆ ಮೇಜಿನ ಆಚೆ ಕೂತು ನೀನು ನಗುತ್ತಾ ಇದ್ದಿದ್ದರೆ —