ಯಾರೂ ತೆಗೆಯದ ಸಿನೆಮಾ ನೋಡಿದವರು

ಜೇವರ್ಗಿ
೨೧ ನವೆಂಬರ್ ೨೦೨೪

ಅಫಜಲಪುರದ ಸೊಸೆ, ಜೇವರ್ಗಿಯ ಮಗಳು, ಎಂಟು ತಿಂಗಳ ಕೂಸಿನ ಸಾಮ್ರಾಜ್ಯದಲ್ಲಿ ನಿದ್ದೆಗೆಟ್ಟ ಏಕೈಕ ಪ್ರಜೆ, ನನ್ನ ಗುಲಫಶಾಗೆ,

ಮೈತ್ರಿಯ ಸಲಾಂ, ಜೈಭೀಮ್, ಮತ್ತು ನಿನ್ನ ಮಗಳ ಎರಡೂ ಅಂಗಾಲಿಗೆ ಒಂದೊಂದು ಮುತ್ತು.

ನೀನು ವಾಯ್ಸ್ ಮೆಸೇಜ್ ಕಳಿಸಿ ಇಪ್ಪತ್ತು ದಿನವಾಯಿತು. ನಾನು ಅದನ್ನು ಕೇಳಿಯೂ ಸುಮ್ಮನಿದ್ದೇನೆಂದು ಫೋನು ನಿನಗೆ ಚಾಡಿ ಹೇಳಿರುತ್ತದೆ. ನಾನು ಕೆಲಸ ಮಾಡುವ ಆನ್‌ಲೈನ್ ಅಂಗಡಿಯಲ್ಲಿ ಅರ್ಜಿ ತುಂಬಿಸುವವರ ಸಾಲು ಮುಗಿಯುವುದೇ ಇಲ್ಲ, ಉಸಿರಾಡಲೂ ಪುರುಸೊತ್ತಿಲ್ಲ ಎಂದು ಬರೆಯಬಹುದಿತ್ತು. ಅರ್ಧ ಬರೆದೂ ಇದ್ದೆ. ಹರಿದು ಹಾಕಿದೆ. ನಿಜವೆಂದರೆ ನಿನ್ನ ಪ್ರಶ್ನೆಗೆ ಉತ್ತರ ಕೊಡಲು ನನಗೆ ಧೈರ್ಯವಿರಲಿಲ್ಲ.

ನೀನು ಕೇಳಿದ್ದು ಇಷ್ಟೇ: "ಮೈತ್ರಿ, ಅಮ್ಮಿ ಫೋನ್ ಹಚ್ಚಿದಾಗೆಲ್ಲ ಅದ್ಯಾವ್ದೋ 'ಹನ್ನೊಂದರ ಬಸ್ಸು' ಅನ್ನೋ ಸಿನೆಮಾದ ಸುದ್ದೀನೇ ಹೇಳ್ತಾಳ. ನೋಡಿ ಭಾಳ ಅತ್ತಾಳಂತ. ಕೂಸು ಮಲಗಿದಾಗ ನಾನೂ ನೋಡಬೇಕಂತ ಫೋನಿನ್ಯಾಗ ಎಲ್ಲಾ ಕಡಿ ಹುಡುಕೇನಿ, ಎಲ್ಲೂ ಸಿಗವಲ್ದು. ಎಲ್ಲಿ ಅದ ಹೇಳ ಬೇ."

ಎಲ್ಲಿಯೂ ಇಲ್ಲ, ಗುಲಫಶಾ. ಅಂಥ ಸಿನೆಮಾವನ್ನು ಯಾರೂ ತೆಗೆದಿಲ್ಲ. ಅದನ್ನು ಹುಟ್ಟಿಸಿದ ಪಾಪಿ ನಾನೇ. ಇಲ್ಲದ ಸಿನೆಮಾ ನೋಡಿ ನಿನ್ನ ಅಮ್ಮಿ ಅತ್ತದ್ದು ಹೇಗೆ ಎಂಬ ಪುರಾಣವನ್ನು ಫೋನಿನಲ್ಲಿ ಹೇಳಿದರೆ ನೀನು ನಗುತ್ತೀ, ಅದನ್ನು ಕೇಳಿ ನಾನೂ ನಗುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿದುಬಿಡುತ್ತದೆ. ಆದ್ದರಿಂದ ಈ ಕಾಗದ.

ನೀನು ಮದುವೆಯಾಗಿ ಹೋದ ಮೇಲೆ ಇಲ್ಲೊಂದು ಮಹಾಸಭೆ ಸ್ಥಾಪನೆಯಾಗಿದೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಊಟದ ಮಂದಿ ಬರುವ ಮೊದಲು, ಶರಣಬಸಮ್ಮನವರ ಖಾನಾವಳಿಯಲ್ಲಿ ಎಂಟು-ಹತ್ತು ಸಿನೆಮಾ ಹುಚ್ಚರು ಸೇರುತ್ತೇವೆ. ಚುರುಮುರಿ ಸುಸಲಾ, ಮಿರ್ಚಿ ಭಜಿ, ಚಹಾ. ಆಮೇಲೆ ಆ ವಾರ ನೋಡಿದ ಸಿನೆಮಾಗಳ ವಿಚಾರಣೆ. ಅಧ್ಯಕ್ಷರು ನಿವೃತ್ತ ಡ್ರಾಯಿಂಗ್ ಮಾಸ್ತರರಾದ ಸಿದ್ದಲಿಂಗ ಸರ್. ಕಥೆ ಹೇಗಾದರೂ ಹಾಳಾಗಲಿ, ಅವರಿಗೆ ಬೆಳಕು ಹೇಗೆ ಬಿದ್ದಿದೆ ಎನ್ನುವುದೊಂದೇ ಮುಖ್ಯ. ನಿನ್ನ ಅಮ್ಮಿ ಪ್ಯಾರಿಬಿಯವರು ಕಣ್ಣೀರು ಖಾತೆಯ ಮಂತ್ರಿ. ಶರಣಬಸಮ್ಮನವರು ಖಳನಾಯಕರ ವಕೀಲರು: "ಅಂವಗ ಸಣ್ಣಾಂವಿದ್ದಾಗ ಯಾರೂ ಹೊಟ್ಟಿ ತುಂಬ ಉಣಿಸಿಲ್ರಿ, ಅದಕ್ಕೇ ಹಂಗಾಗ್ಯಾನ." ನಮ್ಮ ಅಪ್ಪ ಅಣ್ಣಾರಾಯ ಆರು ದಿನ ಮನೆ ಕಟ್ಟುವ ಗೌಂಡಿ ಕೆಲಸ ಮಾಡಿ, ಏಳನೆಯ ದಿನ ಮೂಲೆಯ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಕೇಳುತ್ತಾನೆ.

ಸಭೆಗೆ ಒಂದೇ ಕಾನೂನು. ಯಾವುದೇ ಸಿನೆಮಾದ ಮಾತು ಬಂದಾಗ 'ನೋಡಿಲ್ಲ' ಎಂದವರು ಆ ದಿನದ ಕಪ್ಪು-ಬಸಿಗಳನ್ನೆಲ್ಲ ತೊಳೆಯಬೇಕು. ಹೀಗಾದರೂ ಎಲ್ಲರೂ ಸಿನೆಮಾ ನೋಡಲಿ ಎಂಬುದು ಕಾನೂನಿನ ಘನ ಉದ್ದೇಶ. ಪರಿಣಾಮ ಏನೆಂದರೆ, ನಮ್ಮಲ್ಲಿ ಎಲ್ಲರೂ ಎಲ್ಲ ಸಿನೆಮಾಗಳನ್ನೂ ನೋಡಿರುತ್ತಾರೆ. ನಾಳೆ ಬಿಡುಗಡೆಯಾಗುವುದನ್ನೂ ನೋಡಿರುತ್ತಾರೆ. ಅಪ್ಪ ಒಬ್ಬನೇ ವಾರವಾರವೂ "ನಾ ನೋಡಿಲ್ರಿ" ಎಂದು ಎದ್ದು ಹೋಗಿ ನಳದ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾನೆ.

ಈ ಸುಳ್ಳರನ್ನು ಲೋಕಕಲ್ಯಾಣಕ್ಕಾಗಿ ಬಯಲಿಗೆಳೆಯಬೇಕೆಂದು ನಾನು ಪಣ ತೊಟ್ಟೆ. ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಪೋಸ್ಟರ್ ಮಾಡಿದೆ: ಧೂಳೆಬ್ಬಿಸಿಕೊಂಡು ಹೋಗುವ ಬಸ್ಸು, ಹಿಂದೆ ಬೆನ್ನು ತೋರಿಸಿ ನಿಂತ ಹುಡುಗಿ. ಅಪ್ಪ ಅಂದೋಲಾ ಊರಿಗೆ ಕೆಲಸಕ್ಕೆ ಹೋಗಿದ್ದ ಒಂದು ಭಾನುವಾರ ಅದನ್ನು ಸಭೆಯ ಮುಂದಿಟ್ಟು, "ಈ ವಾರ ಇದನ್ನ ಯಾರ್ಯಾರು ನೋಡೀರಿ?" ಎಂದೆ. ಕಥೆಯನ್ನೂ ಸ್ವಲ್ಪ ಬಿಚ್ಚಿಟ್ಟೆ. ಗಡಿಯಾರ ರಿಪೇರಿ ಮಾಡುವ ಒಬ್ಬ ತಂದೆ. ಪಟ್ಟಣದಲ್ಲಿ ಓದುವ ಮಗಳಿಗೆ ಬುತ್ತಿ ತರುತ್ತಾನೆ. ಮಗಳು ಗೆಳತಿಯ ಎದುರು ಅವನನ್ನು 'ನಮ್ಮೂರಿನವರು ಯಾರೋ' ಎಂದುಬಿಡುತ್ತಾಳೆ. ತಂದೆ ಏನೂ ಅನ್ನದೆ ಹನ್ನೊಂದರ ಬಸ್ಸು ಹತ್ತುತ್ತಾನೆ. ಕೊನೆಗೆ ಮಗಳು ಬರಿಗಾಲಲ್ಲಿ ಓಡಿಹೋಗಿ, ಬಸ್ಸಿಗೆ ಅಡ್ಡ ನಿಂತು, 'ಅಪ್ಪಾ' ಎಂದು ಕೂಗುತ್ತಾಳೆ. ಶುಭಂ.

ಒಂದು ಕ್ಷಣ ಎಲ್ಲರೂ ಕಪ್ಪು-ಬಸಿಗಳ ರಾಶಿಯ ಕಡೆ ನೋಡಿದರು. ಆಮೇಲೆ ಸಿದ್ದಲಿಂಗ ಸರ್ ಗಂಟಲು ಸರಿಮಾಡಿಕೊಂಡರು.

"ಹಾಂ, ನೋಡೇನಿ, ನೋಡೇನಿ. ಆ ಬಸ್ಸಿನ ಕಿಟಕ್ಯಾಗ ಬೆಳಕು ಹ್ಯಾಂಗ್ ಬಿದ್ದದ ಅಂತೀರಿ!"

"ಯಾ ಅಲ್ಲಾ, ನಾ ಮೂರ ಸಲ ಅತ್ತೇನಿ," ಎಂದರು ನಿನ್ನ ಅಮ್ಮಿ. "ಆ ಬುತ್ತಿ ಗಂಟು ಬಿಚ್ಚೋದದಲ್ಲ, ಅಲ್ಲಂತೂ ತಡೀಲಾಕ ಆಗಲಿಲ್ಲ."

ಬುತ್ತಿ ಬಿಚ್ಚುವುದನ್ನು ನಾನು ಹೇಳಿಯೇ ಇರಲಿಲ್ಲ!

"ಹುಡುಗಿದೇನ್ ತಪ್ಪದರಿ, ಸಣ್ಣಾಕಿ," ಎಂದರು ಶರಣಬಸಮ್ಮ. "ಆ ಕಂಡಕ್ಟರ್ ಹರಾಮಖೋರ. ಆಕಿ ಓಡಿ ಬರೋದು ಕಂಡರೂ ಸೀಟಿ ಊದಲಿಲ್ಲ ನೋಡ್ರಿ."

ಕಂಡಕ್ಟರ್ ಎಲ್ಲಿಂದ ಹತ್ತಿದನೋ ದೇವರೇ ಬಲ್ಲ. ನಾನು ಒಳಗೊಳಗೇ ಬಿದ್ದು ಬಿದ್ದು ನಕ್ಕೆ. ಮುಂದಿನ ವಾರ ನಿಜ ಹೇಳಿ ಎಲ್ಲರನ್ನೂ ನಳದ ಮುಂದೆ ಕೂರಿಸಬೇಕೆಂದು ಮನೆಗೆ ಬಂದೆ. ಆದರೆ ಮುಂದಿನ ವಾರದ ಹೊತ್ತಿಗೆ ನನ್ನ ಸಿನೆಮಾ ನನ್ನ ಕೈಬಿಟ್ಟು ದೊಡ್ಡದಾಗಿ ಬೆಳೆದಿತ್ತು. ಅದಕ್ಕೆ ಎರಡು ಹಾಡು ಬಂದಿದ್ದವು, ತಾಯಿಗೊಂದು ಕೆಮ್ಮು ಬಂದಿತ್ತು. ತಂದೆ ಯಾಕೆ ಏನೂ ಅನ್ನಲಿಲ್ಲ ಎಂಬುದರ ಮೇಲೆ ಜಗಳವೇ ನಡೆದಿತ್ತು. ಈ ಸಲ ಅಪ್ಪನೂ ಇದ್ದ. ನನ್ನ ನಗು ಅರ್ಧಕ್ಕೇ ನಿಂತಿತು. ಅಪ್ಪ 'ನೋಡಿಲ್ಲ' ಎಂದು ಎದ್ದು ಹೋಗಲಿ, ಈ ಕಥೆ ಇನ್ನೂ ಹೆಚ್ಚು ಅವನ ಕಿವಿಗೆ ಬೀಳದಿರಲಿ ಎಂದು ಬೇಡಿಕೊಳ್ಳುತ್ತ ಕೂತೆ.

"ಅಣ್ಣಾರಾಯ, ನಿಂದು 'ನೋಡಿಲ್ಲ' ಅಲ್ಲೇನು? ಏಳಪಾ ಮತ್ತ," ಎಂದರು ಸಿದ್ದಲಿಂಗ ಸರ್.

ಅಪ್ಪ ಏಳಲಿಲ್ಲ. "ನೋಡೇನ್ರಿ," ಎಂದ.

ಎರಡು ವರ್ಷದಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲು.

"ಕೊನೀಗಿ ಆ ಹುಡುಗಿ ಓಡಿ ಬರೋದು ತೋರ್ಸಬಾರದಿತ್ರಿ," ಎಂದ ಅಪ್ಪ, ತನ್ನ ಅಂಗೈ ನೋಡಿಕೊಳ್ಳುತ್ತ. "ಓಡದಿದ್ರೂ ತಂದಿಗಿ ಸಿಟ್ಟಿಲ್ಲ. ಅಂವ ಬಸ್ಸಿನ್ಯಾಗ ಅಳಕೋತ ಏನ್ ಕುಂತಿಲ್ರಿ. ಹತ್ತಿದ ಕೂಡ್ಲೇ ನಿದ್ದಿ ಮಾಡ್ಯಾನ. ಮರುದಿನ ಸ್ಲ್ಯಾಬ್ ಹಾಕೋದಿತ್ತಲ್ಲ."

ಗಡಿಯಾರ ರಿಪೇರಿಯವನು ಸ್ಲ್ಯಾಬ್ ಹಾಕುತ್ತಾನೆಯೇ ಎಂದು ಯಾರಾದರೂ ಕೇಳಬೇಕಿತ್ತು. ಕೇಳಿದರೆ ತಾವು ನೋಡಿಲ್ಲವೆಂದು ಗೊತ್ತಾಗುತ್ತದಲ್ಲ! ಸಿದ್ದಲಿಂಗ ಸರ್ ಗಂಭೀರವಾಗಿ ತಲೆಯಾಡಿಸಿದರು: "ಖರೇ, ಖರೇ. ಆ ಸ್ಲ್ಯಾಬಿನ ಸೀನು ಭಾಳ ಚಲೋ ತೆಗದಾರ." ನಾನು ಮಾತ್ರ ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗೆ ವಾಪಸ್ ಇಟ್ಟೆ.

ಮನೆಯ ದಾರಿಯಲ್ಲಿ ಹೇಳಿಬಿಟ್ಟೆ. "ಅಪ್ಪಾ, ಆ ಸಿನೆಮಾನೇ ಇಲ್ಲ. ನಾ ಮಜಾಕಿಗಿ ಹೇಳಿದ್ದು."

"ಗೊತ್ತದ."

"ಮತ್ತ ನೀ ಯಾಕ ನೋಡೇನಿ ಅಂದಿ?"

"ಸಿನೆಮಾ ಇಲ್ಲಂದ್ರೇನಾತು, ನಾ ನೋಡೇನಲ್ಲ," ಎಂದ. ನಾಲ್ಕು ಹೆಜ್ಜೆ ನಡೆದು, "ಅವ್ವಗ ಮಿರ್ಚಿ ಕಟ್ಟಿಸ್ಕೊಂಡಿಯೇನು? ಇಲ್ಲಂದ್ರ ಇಬ್ರಿಗೂ ಬೈಗಳ ಅದ ಇವತ್ತ," ಎಂದ. ನಾವು ಮಿರ್ಚಿಗಾಗಿ ಹಿಂದಿರುಗಿದೆವು. ಅಷ್ಟೇ. ಅವನು ಮತ್ತೆ ಆ ಮಾತು ಎತ್ತಲಿಲ್ಲ. ನನಗೂ ಎತ್ತಲಾಗಿಲ್ಲ.

ಮೊನ್ನೆಯ ಭಾನುವಾರ ಸಭೆಯ ಮುಂದೆ ಕೈಮುಗಿದು ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಪೋಸ್ಟರ್ ಮಾಡಿದ್ದು, ಕಥೆ ಕಟ್ಟಿದ್ದು, 'ನೋಡೇನಿ' ಎಂದವರನ್ನು ನೋಡಿ ನಕ್ಕದ್ದು. ಸಭೆಯಿಂದ ಉಚ್ಚಾಟನೆಯಾಗುತ್ತದೆಂದು ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದೆ.

ಮೊದಲು ಮಾತಾಡಿದ್ದು ನಿನ್ನ ಅಮ್ಮಿ. "ಸಿನೆಮಾ ಖೋಟಾ ಇರಬಹುದು ಬೇ, ನಾ ಅತ್ತಿದ್ದು ಖರೇನೇ ಅದ. ನನ್ನ ಮಗಳು ಅಫಜಲಪುರದಾಗ, ನಾ ಇಲ್ಲಿ. ಬುತ್ತಿ ಅಂದ್ರ ನನಗ ಅಳು ಬರೂದಿಲ್ಲೇನು?"

ಸಿದ್ದಲಿಂಗ ಸರ್, "ಆದ್ರೂ ಬೆಳಕು ಚಲೋ ಇತ್ತು," ಎಂದರು. ಆಗ ಶರಣಬಸಮ್ಮನವರು ತೀರ್ಪು ಕೊಟ್ಟರು: ಸುಳ್ಳು ಹೇಳಿದವರೆಲ್ಲರೂ ನಳದ ಕಡೆಗೆ. ನೀನಿರಬೇಕಿತ್ತು. ಅಧ್ಯಕ್ಷರು ಧೋತರ ಎತ್ತಿ ಕಟ್ಟಿಕೊಂಡು ತಿಕ್ಕುತ್ತಿದ್ದಾರೆ, ನಿನ್ನ ಅಮ್ಮಿ ತೊಳೆಯುತ್ತಿದ್ದಾರೆ, ನಾನು ಒರೆಸುತ್ತಿದ್ದೇನೆ. ಅಪ್ಪ ಒಬ್ಬನೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಾನೆ. "ಅಣ್ಣಾರಾಯ, ನೀನೂ ಅಂದಿಯಲ್ಲೋ ನೋಡೇನಿ ಅಂತ!" ಎಂದು ಸರ್ ಕೂಗಿದರೆ, "ನಂದು ಸುಳ್ಳಲ್ರಿ ಸರ್," ಎಂದು ಇನ್ನೊಂದು ಗುಟುಕು ಎಳೆದ. ಎಲ್ಲರೂ ಗೊಳ್ಳೆಂದು ನಕ್ಕರು. ನಾನು ಕಪ್ಪು ಒರೆಸುತ್ತಲೇ ಇದ್ದೆ.

ಇಷ್ಟು ಒಳ್ಳೆಯ ಮಂದಿಯ ನಡುವೆ ನನ್ನಂಥವಳಿಗೆ ಜಾಗ ಸಿಕ್ಕಿದೆ. ಬೈಯದೆ, ಹೊರಗೆ ಹಾಕದೆ, "ಮುಂದಿನ ವಾರ ಯಾವ ಸಿನೆಮಾ ಹೇಳ ಬೇ?" ಎಂದು ಕೇಳುತ್ತಾರೆ. ಯಾರಿಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ. ನಿನ್ನಿಂದಲೇ ಶುರುಮಾಡುತ್ತೇನೆ; ಈ ಮಂದಿಯನ್ನು ನನಗೆ ಕೊಟ್ಟವಳು ನೀನು. ನೀನು ಹೋದ ಮೇಲೆ ನನ್ನ ಕೈಹಿಡಿದು ಖಾನಾವಳಿಗೆ ಮೊದಲು ಕರೆದೊಯ್ದದ್ದು ನಿನ್ನ ಅಮ್ಮಿ.

ನಿನ್ನ ಮಗಳಿಗೆ ಬೇಗ ಹಲ್ಲು ಬರಲಿ, ಅದಕ್ಕಿಂತ ಬೇಗ ನಿದ್ದೆ ಬರಲಿ. ಅವಳು ನಿನ್ನ ಹಾಗೆ ದೊಡ್ಡ ಮನಸ್ಸಿನವಳಾಗಲಿ, ನನ್ನ ಹಾಗೆ ಒಂದು ದಿನವೂ ಆಗದಿರಲಿ. ನಿನ್ನ ಮನೆ ತುಂಬ ನಗು ಇರಲಿ.

ಅಪರಾಧಿ, ಆದರೂ ನಿನ್ನವಳೇ ಆದ
ಮೈತ್ರಿ

ತಾ.ಕ.: ಇದನ್ನು ಮೇಲೆ ಬರೆಯಲಾಗಲಿಲ್ಲ. ನಾನು ಕಥೆ ಕಟ್ಟಿದೆ ಎಂದದ್ದು ಸುಳ್ಳು. ಗಡಿಯಾರದ ಕೆಲಸವನ್ನು, ಕೊನೆಗೆ ಹುಡುಗಿ ಓಡುವುದನ್ನು ಮಾತ್ರ ಕಟ್ಟಿದ್ದು.

ಏಳು ವರ್ಷದ ಹಿಂದೆ, ಕಲಬುರಗಿಯಲ್ಲಿ, ನಮ್ಮ ಹಾಸ್ಟೆಲಿನ ಗೇಟು. ನಾವಿಬ್ಬರೂ ಪರಿಚಯವಾಗಿ ಒಂದು ವಾರವೂ ಆಗಿರಲಿಲ್ಲ. ನಾವು ಜೇವರ್ಗಿಗೆ ಬರುವ ಮೊದಲಿದ್ದ ಊರು ಕಿಣ್ಣಿ ಸುಲ್ತಾನದಿಂದ ಒಬ್ಬ ಮನುಷ್ಯ ಬಂದು ನಿಂತಿದ್ದ. ಅಂಗಿಯ ಮೇಲೆಲ್ಲ ಸಿಮೆಂಟು, ಕೈಯಲ್ಲಿ ಬುತ್ತಿ. "ಯಾರ ಬೇ ಅವರು?" ಎಂದು ನೀನು ಕೇಳಿದೆ. "ನಮ್ಮೂರ ಗೌಂಡಿ, ಈ ಕಡಿ ಬರೋರಿದ್ರು," ಎಂದೆ ನಾನು. ಅವನಿಗೆ ಕೇಳಿಸಿತು. ಗಂಟು ನನ್ನ ಕೈಗಿಟ್ಟು, "ತಗೋರಿ ತಂಗಿ, ನಿಮ್ಮವ್ವ ಕೊಟ್ಟು ಕಳಿಸ್ಯಾರ," ಎಂದ. ನನಗೆ 'ರಿ' ಎಂದ. ನಾನು ಓಡಲಿಲ್ಲ. ಬುತ್ತಿ ಹಿಡಿದುಕೊಂಡು ನಿನ್ನ ಜೊತೆ ಮೆಟ್ಟಿಲು ಹತ್ತಿದೆ. ಇಬ್ಬರೂ ಕೂಡಿ ಉಂಡೆವು.

ಮರುವರ್ಷ ಬುದ್ಧಪೂರ್ಣಿಮೆಗೆ ನೀನು ನಮ್ಮ ಮನೆಗೆ ಬಂದೆ. ನಿನ್ನ ಕೈಗೆ ನೀರು ಹಾಕಿದ್ದು ಅಪ್ಪ. ನೀನು ಅವನ ಮುಖ ನೋಡಿದೆ, ನನ್ನ ಮುಖ ನೋಡಿದೆ. ಆಮೇಲೆ, "ಸಲಾಮ್ರಿ ಅಂಕಲ್, ನಿಮ್ಮನ್ನ ಇವತ್ತೇ ಮೊದಲ್ನೇ ಸಲ ನೋಡಾಕತ್ತೇನಿ," ಎಂದೆ. "ಹೌದವ್ವಾ, ನಾನೂ ಇವತ್ತೇ," ಎಂದ ಅಪ್ಪ. ನನಗಾಗಿ ನೀವಿಬ್ಬರೂ ಆಡಿದ ಆ ಸುಳ್ಳಿಗೆ ಇಷ್ಟು ದಿನ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಅಪ್ಪನ ಎದುರು ಇನ್ನೂ ಬಾಯಿ ಬಂದಿಲ್ಲ. ಮೊದಲು ನಿನಗೆ ಹೇಳಿದರೆ ಬಂದೀತು. ಗೇಟಿನಲ್ಲಿ ನೀನು ಕೇಳಿದೆಯಲ್ಲ, ಯಾರ ಬೇ ಅವರು ಎಂದು.

ನಮ್ಮಪ್ಪ, ಗುಲಫಶಾ. ಅಂವ ನಮ್ಮಪ್ಪ.